ವಿದೇಶಿ ಪಾಸ್‌ಪೋರ್ಟಿನ ಬಂಧುಗಳು ಊರಿಗೆ ಬರುವಾಗ: ಇ-ವೀಸಾ, ಕಾಗದದ ವೀಸಾ, ಓಸಿಐ ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಇಂಜಿನಿಯರಿಂಗ್ ಅಥವಾ ವೈದ್ಯಕೀಯ ಓದಿ ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದವರಲ್ಲಿ ಎಷ್ಟೋ ಜನ ಈಗ ಆಯಾ ದೇಶಗಳ ಪೌರರಾಗಿದ್ದಾರೆ. ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳ ಕೈಯಲ್ಲಿ ಮೊದಲಿನಿಂದಲೂ ಅಮೆರಿಕದ ಪಾಸ್‌ಪೋರ್ಟೇ ಇದೆ. ತಮ್ಮನ ಮದುವೆ, ತಂಗಿಯ ಕುಬಸ, ಮಗನ ಜವಳ, ಇಲ್ಲವೇ ಸುಮ್ಮನೆ ಅಜ್ಜ-ಅಜ್ಜಿಯನ್ನು ನೋಡಿಕೊಂಡು ಹೋಗುವ ಬೇಸಿಗೆ ರಜೆ, ಕಾರಣ ಯಾವುದೇ ಇರಲಿ, ಇವರೆಲ್ಲ ಊರಿಗೆ ಬರಬೇಕಾದರೆ ಭಾರತದ ವೀಸಾ ಅಥವಾ ಅದಕ್ಕೆ ಸಮನಾದ ದಾಖಲೆ ಬೇಕೇ ಬೇಕು. ಕರೆಯುವ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಆನ್‌ಲೈನ್‌ನಲ್ಲೇ ಸಿಗುವ ಮೂವತ್ತು ದಿನದ ಇ-ವೀಸಾ ಸಾಕೇ, ಐದು ವರ್ಷದ್ದನ್ನೇ ಮಾಡಿಸಲೇ, ಎಲ್ಲರೂ ಹೇಳುವ ಹಾಗೆ ಒಮ್ಮೆ ಓಸಿಐ (ಭಾರತೀಯ ಮೂಲದ ವಿದೇಶಿ ಪೌರರಿಗೂ ಅವರ ಸಂಗಾತಿಗೂ ಭಾರತ ಕೊಡುವ ಕಾರ್ಡ್) ಮಾಡಿಸಿಬಿಟ್ಟರೆ ತಾಪತ್ರಯ ತಪ್ಪುವುದೇ?

ಲೆಕ್ಕಕ್ಕೆ ಕೂಡುವ ಮೊದಲು ವೀಸಾ ಬೇಕೇ ಎಂಬುದನ್ನೇ ನೋಡಿಕೊಳ್ಳಬೇಕು. ದುಬೈ, ಕತಾರ್, ಸೌದಿಯಲ್ಲಿ ದುಡಿಯುವ ನಮ್ಮ ಕಡೆಯ ಬಹುತೇಕರು ಇಂದಿಗೂ ಭಾರತದ ಪಾಸ್‌ಪೋರ್ಟಿನವರೇ ಆದ್ದರಿಂದ ಅವರಿಗೆ ಈ ಲೇಖನದ ಯಾವ ಮಾತೂ ಅನ್ವಯಿಸದು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಅಥವಾ ಎಚ್-1ಬಿ (ನೌಕರಿಯ ವೀಸಾ) ಮೇಲೆ ಇರುವ ನಮ್ಮವರೂ ಭಾರತದ ಪೌರರೇ. ಆದರೆ ಅವರ ಅಲ್ಲಿ ಹುಟ್ಟಿದ ಮಗು ಅಮೆರಿಕದ ಪೌರ. ತಂದೆ-ತಾಯಿ ಇಬ್ಬರಿಗೂ ವೀಸಾ ಬೇಡ, ತೊಟ್ಟಿಲ ಕೂಸಿಗೆ ಬೇಕು ಎಂಬ ಸ್ಥಿತಿ ಇಂಥ ಮನೆಗಳಲ್ಲಿ ಸಾಮಾನ್ಯ. ಮಗುವಿನ ಹೆಸರನ್ನು ತಾಯಿಯ ಅರ್ಜಿಯೊಳಗೆ ಸೇರಿಸುವ ಸೌಲಭ್ಯವೂ ಇಲ್ಲ. ಎಷ್ಟೇ ಚಿಕ್ಕ ಮಗುವಾದರೂ ಅದಕ್ಕೆ ಬೇರೆ ಪಾಸ್‌ಪೋರ್ಟ್, ಬೇರೆ ಅರ್ಜಿ, ಬೇರೆ ಶುಲ್ಕ.

ಇನ್ನೊಂದು ಗುಂಪಿನವರು ಭಾರತೀಯರಾಗಿದ್ದು ಆಮೇಲೆ ವಿದೇಶಿ ಪೌರತ್ವ ಪಡೆದವರು. 1955ರ ಪೌರತ್ವ ಕಾಯ್ದೆಯ ಪ್ರಕಾರ, ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ಇನ್ನೂ ನಾಲ್ಕು ವರ್ಷ ಅವಧಿ ಉಳಿದಿದೆಯೆಂದು ಅದನ್ನೇ ತೋರಿಸಿ ಬರುವುದು ಅಪರಾಧ. ಆ ಪಾಸ್‌ಪೋರ್ಟನ್ನು ಭಾರತದ ದೂತಾವಾಸಕ್ಕೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಇಂಥವರ ಮೊದಲ ಕೆಲಸ. ಓಸಿಐ ಅರ್ಜಿಗೂ ಕಾಗದದ ವೀಸಾಗೂ ಅದನ್ನು ಕೇಳುತ್ತಾರೆ. ಮದುವೆಗೆ ಎರಡು ವಾರ ಇರುವಾಗ ಇದು ನೆನಪಾದರೆ ಪರದಾಟ ತಪ್ಪದು.

ಯಾವ ಅಳತೆಗೋಲಿನಿಂದ ಅಳೆಯಬೇಕು

ಶುಲ್ಕವನ್ನು ಮೊದಲು ನೋಡುವುದು ಸಹಜ. ಆದರೆ ಈ ವಿಷಯದಲ್ಲಿ ಅದನ್ನು ಕೊನೆಗೆ ನೋಡುವುದೇ ಲೇಸು. ಮೊದಲ ಪ್ರಶ್ನೆ, ಬರುವವರಿಗೆ ಯಾವುದಕ್ಕೆ ಅರ್ಹತೆ ಇದೆ ಎಂಬುದು. ಮಗಳಿಗೆ ಸಿಗುವುದು ಅಮೆರಿಕದ ಅಳಿಯನಿಗೆ ಸಿಗದೇ ಹೋಗಬಹುದು. ಎರಡನೆಯದು, ಒಮ್ಮೆ ಬಂದರೆ ಎಷ್ಟು ದಿನ ಉಳಿಯುತ್ತಾರೆ ಎಂಬುದು: ಮೂರು ವಾರವೋ, ಮೂರು ತಿಂಗಳೋ, ಇಲ್ಲವೇ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ವರ್ಷಗಟ್ಟಲೆಯೋ. ಮೂರನೆಯದು, ಮುಂದಿನ ಐದು ವರ್ಷಗಳಲ್ಲಿ ಎಷ್ಟು ಸಲ ಬರುವ ಸಂಭವವಿದೆ ಎಂಬುದು. ನಾಲ್ಕನೆಯದು, ಹೊರಡುವ ದಿನಕ್ಕೆ ಎಷ್ಟು ಸಮಯ ಉಳಿದಿದೆ ಎಂಬುದು. ಐದನೆಯದನ್ನು ಬಹಳ ಮನೆಗಳಲ್ಲಿ ಯಾರೂ ಕೇಳಿಕೊಳ್ಳುವುದೇ ಇಲ್ಲ: ಬಂದವರು ಇಲ್ಲಿ ಏನು ಮಾಡಬೇಕಾಗಿದೆ? ಕೇವಲ ನೆಂಟರ ಮನೆ, ಗೋಳಗುಮ್ಮಟ, ಬಾದಾಮಿ, ಸವದತ್ತಿ ಎಂದಾದರೆ ಒಂದು ಉತ್ತರ. ನಿವೇಶನ ಖರೀದಿ, ನೌಕರಿ, ಮಕ್ಕಳ ಓದು ಎಂದಾದರೆ ಉತ್ತರ ಬೇರೆ.

ಇ-ಪ್ರವಾಸಿ ವೀಸಾ: ಮೂರು ಅವಧಿ, ಮೂರು ಸ್ವಭಾವ

150ಕ್ಕೂ ಹೆಚ್ಚು ದೇಶಗಳ ಪೌರರಿಗೆ ಭಾರತ ಇ-ವೀಸಾ ಕೊಡುತ್ತದೆ. ಸಂಬಂಧಿಕರನ್ನು ಮತ್ತು ಗೆಳೆಯರನ್ನು ಕಾಣಲು ಬರುವುದು ಪ್ರವಾಸಿ ವೀಸಾದ ಅಧಿಕೃತ ಉದ್ದೇಶಗಳಲ್ಲೇ ಸೇರಿದೆಯಾದ್ದರಿಂದ, ನೆಂಟರ ಮನೆಗೆ ಬರುವವರು ಬೇರೆ ನೆಪ ಹುಡುಕಬೇಕಾಗಿಲ್ಲ. ಮಕ್ಕಳನ್ನು ಕಾಣಲು ತಾವು ಅಮೆರಿಕಕ್ಕೆ ಹೋಗಿಬಂದ ಹಿರಿಯರು ಇಲ್ಲಿಯೂ ಅದೇ ಕ್ರಮವಿದೆ ಎಂದುಕೊಂಡು ಸಂದರ್ಶನಕ್ಕೆ, ಬ್ಯಾಂಕ್ ಪತ್ರಗಳಿಗೆ, ನೋಟರಿ ಮುಂದೆ ಮಾಡಿಸಿದ ಆಹ್ವಾನ ಪತ್ರಕ್ಕೆ ಓಡಾಡುವುದುಂಟು. ಇ-ಪ್ರವಾಸಿ ವೀಸಾಕ್ಕೆ ಸಾಮಾನ್ಯವಾಗಿ ಇವು ಯಾವುವೂ ಬೇಡ. ಅರ್ಜಿ, ಪಾಸ್‌ಪೋರ್ಟಿನ ವಿವರಗಳಿರುವ ಪುಟದ ಪ್ರತಿ, ಬಿಳಿ ಹಿನ್ನೆಲೆಯ ಚೌಕ ಫೋಟೊ, ಶುಲ್ಕ ಇಷ್ಟರಲ್ಲಿ ಮುಗಿಯುತ್ತದೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟ ಇರಬೇಕು.

ಮೂವತ್ತು ದಿನದ ವೀಸಾದಲ್ಲಿ ಎರಡು ಸಲ ಒಳಬರಲು ಅವಕಾಶವಿದೆ. ದಿನಗಳ ಎಣಿಕೆ ಭಾರತಕ್ಕೆ ಬಂದಿಳಿದ ದಿನದಿಂದ ಶುರುವಾಗುತ್ತದೆ. ಅನುಮತಿ ಪತ್ರದಲ್ಲಿ ಮುದ್ರಿತವಾಗಿರುವ ಮುಕ್ತಾಯ ದಿನಾಂಕವು ಅಷ್ಟರೊಳಗೆ ಒಳಬರಬೇಕು ಎಂಬುದನ್ನು ಹೇಳುತ್ತದೆಯೇ ಹೊರತು ಅಂದೇ ಹೊರಡಬೇಕೆಂದಲ್ಲ. ಅಮೆರಿಕದ ಪೌರರಿಗೆ ಇದರ ಶುಲ್ಕ ಎಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಗೆ 10 ಡಾಲರ್, ಜುಲೈನಿಂದ ಮಾರ್ಚ್‌ವರೆಗೆ 25 ಡಾಲರ್. ಬ್ಯಾಂಕಿನ ಶುಲ್ಕ ಪ್ರತ್ಯೇಕ. ಅಗ್ಗವೇನೋ ಹೌದು, ಆದರೆ ಎರಡು ತೊಡಕುಗಳಿವೆ. ಒಂದು, ಪ್ರಯಾಣಕ್ಕೆ ಮೂವತ್ತು ದಿನ ಉಳಿದಾಗಷ್ಟೇ ಅರ್ಜಿ ಸಲ್ಲಿಸಲು ಸಾಧ್ಯ, ಕೊನೆಯ ಗಡುವು ಪ್ರಯಾಣಕ್ಕೆ ನಾಲ್ಕು ದಿನ ಮುಂಚೆ. ಆರು ತಿಂಗಳ ಹಿಂದೆಯೇ ಟಿಕೆಟ್ ಕೊಂಡಿರುವ ಕುಟುಂಬ ಕೊನೆಯ ತಿಂಗಳವರೆಗೂ ಕಾಯಬೇಕಾಗುತ್ತದೆ. ಇನ್ನೊಂದು, ಈ ವೀಸಾವನ್ನು ವಿಸ್ತರಿಸಲಾಗದು. ನಾಲ್ಕು ವಾರದ ರಜೆಯೆಂದರೆ ಇಪ್ಪತ್ತೆಂಟು ದಿನ. ಮಳೆಗಾಲದಲ್ಲಿ ವಿಮಾನವೊಂದು ರದ್ದಾದರೆ, ಮಗುವಿಗೆ ಜ್ವರ ಬಂದು ಪ್ರಯಾಣ ಮುಂದೂಡಿದರೆ, ಕೈಯಲ್ಲಿ ಉಳಿಯುವುದು ಎರಡೇ ದಿನ. ಉಳಿಯುವ ದಿನಗಳು ಇಪ್ಪತ್ತೈದನ್ನು ದಾಟುವುದಾದರೆ ಮೂವತ್ತು ದಿನದ್ದನ್ನು ನಾನು ಸೂಚಿಸುವುದಿಲ್ಲ.

ಒಂದು ವರ್ಷದ ಇ-ವೀಸಾಕ್ಕೆ ಅಮೆರಿಕದವರಿಗೆ 40 ಡಾಲರ್, ಐದು ವರ್ಷದ್ದಕ್ಕೆ 80 ಡಾಲರ್. ಎರಡರಲ್ಲೂ ಎಷ್ಟು ಸಲವಾದರೂ ಬಂದುಹೋಗಬಹುದು, ಮತ್ತು ಪ್ರಯಾಣಕ್ಕೆ 120 ದಿನ ಇರುವಾಗಲೇ ಅರ್ಜಿ ಹಾಕಬಹುದು. ಅಮೆರಿಕ, ಇಂಗ್ಲೆಂಡ್, ಕೆನಡಾ, ಜಪಾನ್ ಪೌರರು ಒಂದು ಭೇಟಿಯಲ್ಲಿ ಸತತವಾಗಿ 180 ದಿನ ಇರಬಹುದು. ಆಸ್ಟ್ರೇಲಿಯಾ, ಜರ್ಮನಿ ಮೊದಲಾದ ಉಳಿದ ದೇಶದವರಿಗೆ ಆ ಮಿತಿ 90 ದಿನ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು ವಾಸ 180 ದಿನ ಮೀರಬಾರದು. ಮೆಲ್ಬರ್ನ್‌ನ ಮಗ ಮತ್ತು ಚಿಕಾಗೋದ ಮಗಳು ಇಬ್ಬರೂ ಐದು ವರ್ಷದ ವೀಸಾ ಪಡೆದರೂ, ಅಪ್ಪನ ಶಸ್ತ್ರಚಿಕಿತ್ಸೆಗೆಂದು ಬಂದು ನಾಲ್ಕು ತಿಂಗಳು ಒಂದೇ ಸಮನೆ ಉಳಿಯಲು ಮಗಳಿಗೆ ಸಾಧ್ಯ, ಮಗನಿಗೆ ಇಲ್ಲ. ದೇಶಕ್ಕೊಂದು ನಿಯಮವೆಂಬ ಈ ಅಂಶವನ್ನು ಮರೆತು, ಅಣ್ಣ ಮಾಡಿಸಿದ್ದನ್ನೇ ತಮ್ಮನೂ ಮಾಡಿಸಲಿ ಎನ್ನುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೂವತ್ತು ದಿನದ್ದಕ್ಕೂ ಈ ದೀರ್ಘಾವಧಿಯವಕ್ಕೂ ಎಣಿಕೆಯಲ್ಲಿ ವ್ಯತ್ಯಾಸವಿದೆ. ಒಂದು ಅಥವಾ ಐದು ವರ್ಷದ ಅವಧಿ ಅನುಮತಿ ಸಿಕ್ಕ ದಿನದಿಂದ ಶುರುವಾಗುತ್ತದೆ, ಬಂದಿಳಿದ ದಿನದಿಂದಲ್ಲ. ಡಿಸೆಂಬರಿನ ಮದುವೆಗೆಂದು ಸೆಪ್ಟೆಂಬರಿನಲ್ಲಿ ಒಂದು ವರ್ಷದ ವೀಸಾ ಪಡೆದವರು ಮರುವರ್ಷದ ದೀಪಾವಳಿಗೂ ಅದೇ ನಡೆಯುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ನನ್ನ ದೃಷ್ಟಿಯಲ್ಲಿ ಒಂದು ವರ್ಷದ್ದು ಮೂವತ್ತು ದಿನಕ್ಕೂ ಐದು ವರ್ಷಕ್ಕೂ ನಡುವೆ ಸಿಕ್ಕಿಕೊಂಡ ಆಯ್ಕೆ: ಒಂದೇ ಸಲ ಬಂದು ಎರಡು ಮೂರು ತಿಂಗಳು ಇದ್ದು ಹೋಗುವವರಿಗೆ, ಮತ್ತೆ ಬರುವ ಯೋಚನೆಯೇ ಇಲ್ಲದವರಿಗೆ ಅದು ಸರಿ. ಎರಡನೆಯ ಭೇಟಿಯ ಮಾತು ಮನೆಯಲ್ಲಿ ಒಮ್ಮೆ ಬಂದಿದ್ದರೂ ಐದು ವರ್ಷದ್ದೇ ಲಾಭ.

ನಡುವೆ ಪಾಸ್‌ಪೋರ್ಟ್ ಬದಲಾದರೆ ಏನು ಗತಿ ಎಂದು ಕೇಳುವವರಿದ್ದಾರೆ. ಅಮೆರಿಕದ ಮಕ್ಕಳ ಪಾಸ್‌ಪೋರ್ಟಿನ ಅವಧಿಯೇ ಐದು ವರ್ಷವಾದ್ದರಿಂದ ಪ್ರಶ್ನೆ ಸರಿಯಾದದ್ದೇ. ಇ-ವೀಸಾ ಪಡೆದಾಗ ಇದ್ದ ಹಳೆಯ ಪಾಸ್‌ಪೋರ್ಟನ್ನೂ ಹೊಸದರ ಜೊತೆ ತಂದರೆ ಪ್ರವೇಶ ಸಿಗುತ್ತದೆ. ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಬೇಕು, ಅಷ್ಟೇ.

ಅರ್ಜಿಯ ಮುಂದೆ ಕುಳಿತಾಗ

ಅರ್ಜಿಯನ್ನು ಬರುವವರು ಭಾರತದ ಹೊರಗಿದ್ದಾಗಲೇ ಹಾಕಬೇಕು. ಟೈಪ್ ಮಾಡುವ ಕೆಲಸವನ್ನು ಇಲ್ಲಿನ ಅಣ್ಣನೋ ಕಾಕಾನೋ ಮಾಡಿಕೊಟ್ಟರೆ ಅಡ್ಡಿಯಿಲ್ಲ. ಸರ್ಕಾರದ ಜಾಲತಾಣದ ವಿಳಾಸ 'ಇಂಡಿಯನ್ ವೀಸಾ ಆನ್‌ಲೈನ್ ಡಾಟ್ ಗವ್ ಡಾಟ್ ಇನ್' ಎಂದಿದೆ. ಗೂಗಲ್‌ನಲ್ಲಿ ಹುಡುಕಿದರೆ ಅದರಂತೆಯೇ ಕಾಣುವ ಖಾಸಗಿ ತಾಣಗಳು ಮೇಲೆ ಬರುತ್ತವೆ, ಇದೇ ಕೆಲಸಕ್ಕೆ ದುಪ್ಪಟ್ಟು ಮುಪ್ಪಟ್ಟು ಹಣ ತೆಗೆದುಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ಎಂದು ನೋಡದೆ ಕಾರ್ಡಿನ ಸಂಖ್ಯೆ ಕೊಡಬಾರದು. ಅರ್ಜಿ ತಿರಸ್ಕೃತವಾದರೂ ಕಟ್ಟಿದ ಶುಲ್ಕ ವಾಪಸು ಬರುವುದಿಲ್ಲ.

ನಮ್ಮ ಮೂರು ಜಿಲ್ಲೆಗಳವರು ಎಡವುವ ಜಾಗವೆಂದರೆ ಹುಟ್ಟಿದ ಊರಿನ ಕಾಲಂ. ಬಾಗಲಕೋಟೆ ಜಿಲ್ಲೆ ಬಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ಬೆಳಗಾಂ, ಬಿಜಾಪುರಗಳು ಸರ್ಕಾರಿ ಕಡತಗಳಲ್ಲಿ ಬೆಳಗಾವಿ, ವಿಜಯಪುರ ಎಂದಾದದ್ದು 2014ರ ನವೆಂಬರ್ 1ರಂದು. ಹೀಗಾಗಿ 1975ರಲ್ಲಿ ಮುಧೋಳದಲ್ಲಿ ಹುಟ್ಟಿದವರ ಶಾಲಾ ದಾಖಲೆಯಲ್ಲಿ ಬಿಜಾಪುರ ಜಿಲ್ಲೆ, ಈಚೆಗೆ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ಬಾಗಲಕೋಟೆ ಜಿಲ್ಲೆ, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಬರೀ ಇಂಡಿಯಾ ಎಂದಿರುವುದು ಸಾಧ್ಯ. ಈಗ ಕೈಯಲ್ಲಿರುವ ವಿದೇಶಿ ಪಾಸ್‌ಪೋರ್ಟಿನಲ್ಲಿ ಹೇಗೆ ಬರೆದಿದೆಯೋ ಅದಕ್ಕೆ ವಿರೋಧವಾಗದಂತೆ ಅರ್ಜಿ ತುಂಬಬೇಕು. ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ನಮ್ಮ ಕ್ರಮದಲ್ಲಿ ತಂದೆಯ ಹೆಸರು ಒಂದು ದಾಖಲೆಯಲ್ಲಿ ನಡುವೆ ಬಂದು ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತದೆ. ಪಾಟೀಲ, ದೇಸಾಯಿ, ಕುಲಕರ್ಣಿ ಎಂಬ ಅಡ್ಡಹೆಸರುಗಳ ಇಂಗ್ಲಿಷ್ ಅಕ್ಷರಗಳು ಅಣ್ಣತಮ್ಮಂದಿರ ನಡುವೆಯೇ ಬೇರೆಯಾಗಿರುತ್ತವೆ. ಇ-ವೀಸಾದಲ್ಲಿ ಪಾಸ್‌ಪೋರ್ಟಿನಂತೆ ಅಕ್ಷರ ಅಕ್ಷರ ಬರೆದರೆ ಮುಗಿಯಿತು. ಓಸಿಐ ಅರ್ಜಿಯಲ್ಲಿ ಮಾತ್ರ ಈ ವ್ಯತ್ಯಾಸಗಳಿಗೆ ವಿವರಣೆ ಕೊಡಬೇಕಾಗುತ್ತದೆ.

ಭಾರತದಲ್ಲಿರುವ ಪರಿಚಿತರ ಹೆಸರು, ವಿಳಾಸ, ಫೋನ್ ನಂಬರನ್ನೂ ಅರ್ಜಿ ಕೇಳುತ್ತದೆ. ಹಿರಿಯರ ಮೇಲಿನ ಗೌರವಕ್ಕೆ ಅಜ್ಜನ ಹೆಸರನ್ನೇ ಬರೆಯುವ ರೂಢಿಯಿದೆ. ಆದರೆ ಕರೆ ಬಂದರೆ ಎತ್ತಿ, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಮಾಧಾನವಾಗಿ ಉತ್ತರಿಸಬಲ್ಲವರ ನಂಬರು ಕೊಡುವುದು ವಾಸಿ. ಅಜ್ಜ-ಅಜ್ಜಿಯರು ಪಾಕಿಸ್ತಾನದ ಪೌರರಾಗಿದ್ದರೇ ಎಂಬ ಪ್ರಶ್ನೆಯೂ ಬರುತ್ತದೆ. ಹೌದು ಎಂಬ ಉತ್ತರವಿರುವವರಿಗೆ ಇ-ವೀಸಾದ ಬಾಗಿಲು ಮುಚ್ಚಿದೆ, ಅವರು ದೂತಾವಾಸದ ಮೂಲಕವೇ ಬರಬೇಕು.

ಬಂದಿಳಿಯುವ ವಿಮಾನ ನಿಲ್ದಾಣವನ್ನು ಆರಿಸುವಾಗ ಬೆಳಗಾವಿಯ ಸಾಂಬ್ರಾ ನಿಲ್ದಾಣ ಪಟ್ಟಿಯಲ್ಲಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ವಿದೇಶಿ ವಿಮಾನಗಳ ವಲಸೆ ತಪಾಸಣೆಯಿಲ್ಲ. ಬೆಳಗಾವಿಯವರಿಗೆ ಗೋವಾದ ಮೋಪಾ ಅಥವಾ ದಾಬೋಳಿ ಹತ್ತಿರ, ಇಲ್ಲವೇ ಮುಂಬೈ ಅಥವಾ ಬೆಂಗಳೂರಿನಲ್ಲಿ ಇಳಿದು ದೇಶದೊಳಗಿನ ವಿಮಾನದಲ್ಲಿ ಸಾಂಬ್ರಾಕ್ಕೆ ಬರಬಹುದು. ವಿಜಯಪುರದವರಿಗೆ ಹೈದರಾಬಾದ್ ಅನುಕೂಲ. ಮುಂಬೈಯಲ್ಲಿ ಇಳಿದು ಸೊಲ್ಲಾಪುರದ ಮೇಲೆ ಬರುವವರೂ ಬಹಳ. ಈ ಎಲ್ಲ ನಿಲ್ದಾಣಗಳಲ್ಲೂ ಇ-ವೀಸಾ ನಡೆಯುತ್ತದೆ. ಅನುಮತಿ ಪತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಸುಮ್ಮನಾಗದೆ ಕಾಗದದಲ್ಲಿ ಮುದ್ರಿಸಿ ತರಬೇಕು, ಏಕೆಂದರೆ ಹೊರಡುವ ಊರಿನಲ್ಲಿ ವಿಮಾನ ಕಂಪನಿಯವರೇ ಮೊದಲು ಅದನ್ನು ಕೇಳುತ್ತಾರೆ. ಇಳಿದ ಮೇಲೆ ಬೆರಳಚ್ಚು ಮತ್ತು ಫೋಟೊ ತೆಗೆಯುತ್ತಾರೆ. 2025ರ ಅಕ್ಟೋಬರ್ 1ರಿಂದ ವಿದೇಶಿಯರು ಆಗಮನದ ಚೀಟಿಯನ್ನು ಪ್ರಯಾಣಕ್ಕೆ ಮುಂಚಿನ 72 ಗಂಟೆಗಳೊಳಗೆ ಆನ್‌ಲೈನ್‌ನಲ್ಲೇ ತುಂಬುವ ಏರ್ಪಾಡು ಬಂದಿದೆ, ಅದು ಉಚಿತ.

ಕಾಗದದ ವೀಸಾ ಇನ್ನೂ ಯಾರಿಗೆ ಬೇಕು

ಪಾಸ್‌ಪೋರ್ಟಿನ ಪುಟಕ್ಕೆ ಸ್ಟಿಕ್ಕರ್ ಅಂಟಿಸಿಕೊಡುವ ಹಳೆಯ ಪದ್ಧತಿ ಹೋಗಿಲ್ಲ. ಭಾರತದ ದೂತಾವಾಸದ ಪರವಾಗಿ ಅರ್ಜಿ ಸ್ವೀಕರಿಸುವ ಕೇಂದ್ರಕ್ಕೆ ಪಾಸ್‌ಪೋರ್ಟನ್ನೇ ಕೊಟ್ಟು, ವಾಪಸು ಬರುವವರೆಗೆ ಕಾಯಬೇಕು. ಅಮೆರಿಕದಲ್ಲಿ ಈ ಕೆಲಸವನ್ನು ವಿಎಫ್‌ಎಸ್ ಗ್ಲೋಬಲ್ ನೋಡಿಕೊಳ್ಳುತ್ತದೆ. ಸೇವಾ ಶುಲ್ಕ, ಅಂಚೆ ಖರ್ಚು ಸೇರಿ ಇ-ವೀಸಾಕ್ಕಿಂತ ದುಬಾರಿ, ಮತ್ತು ಅಷ್ಟು ದಿನ ಪಾಸ್‌ಪೋರ್ಟ್ ಕೈಯಲ್ಲಿರುವುದಿಲ್ಲ. ಆದರೂ ಇದಕ್ಕೆ ಎರಡು ಗುಣಗಳಿವೆ. ಅಮೆರಿಕದ ಪೌರರಿಗೆ ಹತ್ತು ವರ್ಷದ ಪ್ರವಾಸಿ ವೀಸಾ ಈ ದಾರಿಯಲ್ಲಿ ಸಿಗುತ್ತದೆ. ಜೊತೆಗೆ, ಇ-ವೀಸಾದಂತೆ ಗೊತ್ತುಪಡಿಸಿದ ನಿಲ್ದಾಣಗಳಿಗೆ ಮಾತ್ರ ಸೀಮಿತವಾಗದೆ ಯಾವುದೇ ವಲಸೆ ತಪಾಸಣಾ ಠಾಣೆಯಿಂದ ಒಳಬರಬಹುದು. ನೇಪಾಳಕ್ಕೆ ಹೋಗಿ ರಸ್ತೆಯ ಮೇಲೆ ಮರಳುವ ಯಾತ್ರೆ ಹಾಕಿಕೊಂಡವರಿಗೆ ಇದು ಮುಖ್ಯವಾಗುತ್ತದೆ. ಭಾರತೀಯ ಮೂಲವಿಲ್ಲದ, ಆದರೆ ಮೇಲಿಂದ ಮೇಲೆ ಬರುವ ಸೊಸೆ ಅಥವಾ ಅಳಿಯನಿಗೆ ಹತ್ತು ವರ್ಷದ್ದು ಯೋಚಿಸತಕ್ಕ ಆಯ್ಕೆ. ಉಳಿದವರು ಇಷ್ಟು ಸುತ್ತುವ ಅಗತ್ಯ ನನಗೆ ಕಾಣದು.

ದೂತಾವಾಸಗಳು ಭಾರತೀಯ ಮೂಲದವರಿಗೆ ಮತ್ತು ಅವರ ಸಂಗಾತಿ, ಮಕ್ಕಳಿಗೆ ಕೊಡುವ ಎಂಟ್ರಿ ವೀಸಾ ಎಂಬುದೊಂದಿದೆ. ಓಸಿಐ ಇನ್ನೂ ಆಗಿಲ್ಲ, ಆದರೆ ಆರು ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಉಳಿಯಬೇಕಾಗಿದೆ ಎನ್ನುವವರಿಗೆ ಇದು ಸೇತುವೆಯಂತೆ. 180 ದಿನ ಮೀರಿದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಆನ್‌ಲೈನ್ ಮೂಲಕ ನೋಂದಾಯಿಸಿಕೊಳ್ಳಬೇಕು. ಪ್ರವಾಸಿ ವೀಸಾದ ಮೇಲೆ ಬಂದವರು ಭಾರತದೊಳಗೆ ಕುಳಿತು ಓಸಿಐಗೆ ಅರ್ಜಿ ಹಾಕಲಾಗದು ಎಂಬ ನಿಯಮ ಹಲವರಿಗೆ ಬಂದಿಳಿದ ಮೇಲೆ ತಿಳಿಯುತ್ತದೆ. ಅಜ್ಜನ ಮನೆಯಲ್ಲಿದ್ದುಕೊಂಡೇ ಆ ಕೆಲಸ ಮುಗಿಸಬೇಕೆಂದಿದ್ದರೆ ಎಂಟ್ರಿ ವೀಸಾದಲ್ಲೇ ಬರಬೇಕು.

ಯೋಜಿತ ಶಸ್ತ್ರಚಿಕಿತ್ಸೆಗೆಂದೇ ಬೆಳಗಾವಿಯ ಕೆಎಲ್‌ಇಯಂಥ ಆಸ್ಪತ್ರೆಗೆ ಬರುವ ಬಂಧುವಿದ್ದರೆ ಪ್ರವಾಸಿ ವೀಸಾ ಬಿಟ್ಟು ಇ-ವೈದ್ಯಕೀಯ ವೀಸಾ ನೋಡಬೇಕು. ಅದು 60 ದಿನದ್ದು, ಜೊತೆಗೆ ಬರುವವರಿಗೂ ಬೇರೆ ವರ್ಗವಿದೆ.

ಓಸಿಐ: ದುಡ್ಡಿನ ಲೆಕ್ಕ ಬೇರೆ, ಅನುಕೂಲದ ಲೆಕ್ಕ ಬೇರೆ

ಸಾಗರೋತ್ತರ ಭಾರತೀಯ ಪೌರ ಎಂಬ ಹೆಸರಿದ್ದರೂ ಓಸಿಐ ಪೌರತ್ವವಲ್ಲ. ಮತದಾನದ ಹಕ್ಕಿಲ್ಲ, ಭಾರತದ ಪಾಸ್‌ಪೋರ್ಟೂ ಸಿಗುವುದಿಲ್ಲ. 2005ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯೊಳಗೆ 2015ರಲ್ಲಿ, ಭಾರತೀಯ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡನ್ನೂ ವಿಲೀನಗೊಳಿಸಲಾಯಿತು. 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದ ಪೌರರಾಗಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅರ್ಹರು. ಭಾರತೀಯ ಪೌರ ಅಥವಾ ಓಸಿಐ ಹೊಂದಿದವರನ್ನು ಮದುವೆಯಾದ ವಿದೇಶಿಯರು, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ್ದರೆ ಅರ್ಹರು. ವಿಚ್ಛೇದನವಾದರೆ ಅಂಥವರ ಓಸಿಐ ರದ್ದಾಗಬಹುದು. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರತ್ವ ಹೊಂದಿದ್ದವರಿಗೆ ಮತ್ತು ಅವರ ವಂಶದವರಿಗೆ ಇದು ಸಿಗದು.

ಅಮೆರಿಕದಿಂದ ಹೊಸ ಓಸಿಐ ಅರ್ಜಿಗೆ ತಲಾ 275 ಡಾಲರ್, ಸೇವಾ ಶುಲ್ಕ ಬೇರೆ. ಭಾರತದಲ್ಲಿ ಸಲ್ಲಿಸಿದರೆ 15,000 ರೂಪಾಯಿ. ಬರೀ ದುಡ್ಡಿನ ಲೆಕ್ಕ ಹಾಕಿದರೆ ಜನ ಹೇಳುವುದಕ್ಕೆ ವಿರುದ್ಧವಾದ ಉತ್ತರ ಬರುತ್ತದೆ: 275 ಡಾಲರಿಗೆ ಮೂರು ಐದು-ವರ್ಷದ ಇ-ವೀಸಾ ಪಡೆದು ಇನ್ನೂ ಕೈಯಲ್ಲಿ ಚಿಲ್ಲರೆ ಉಳಿಯುತ್ತದೆ, ಅಂದರೆ ಹದಿನೈದು ವರ್ಷದ ಓಡಾಟ ಸಾಗುತ್ತದೆ. ಆದ್ದರಿಂದ ಹಣ ಉಳಿಯುತ್ತದೆಂದು ಓಸಿಐ ಮಾಡಿಸಬಾರದು. ಅದರ ಬೆಲೆ ಇರುವುದು ಬೇರೆ ಕಡೆ. ಉಳಿಯುವ ದಿನಗಳಿಗೆ ಮಿತಿಯಿಲ್ಲ, ನೋಂದಣಿಯ ಗೊಡವೆಯಿಲ್ಲ. ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದ ರಾತ್ರಿಯೇ ಟಿಕೆಟ್ ಕೊಂಡು ಹೊರಡಬಹುದು. ಇಲ್ಲಿ ನೌಕರಿ ಮಾಡಬಹುದು, ಮನೆ ಅಥವಾ ನಿವೇಶನ ಕೊಳ್ಳಬಹುದು. ಪ್ರವಾಸಿ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಅವಕಾಶವಿಲ್ಲ. ಕೃಷಿ ಜಮೀನನ್ನು ಮಾತ್ರ ಓಸಿಐ ಇದ್ದವರೂ ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದ ಹೊಲವನ್ನು ಉಳಿಸಿಕೊಳ್ಳಬಹುದು. ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಲ್ಲಿ ವಿದೇಶದ ಮಗನಿಗೂ ಪಾಲಿರುವ ಮನೆಗಳಲ್ಲಿ ಈ ವ್ಯತ್ಯಾಸ ಗೊತ್ತಿರಲೇಬೇಕು.

ಬದಲಿಗೆ ತೆರಬೇಕಾದದ್ದು ಕಾಗದಪತ್ರಗಳ ಶ್ರಮ ಮತ್ತು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವಿಕೆ. ತಂದೆ-ತಾಯಿಯ ಭಾರತೀಯ ಪಾಸ್‌ಪೋರ್ಟಿನ ಪ್ರತಿ, ಸರೆಂಡರ್ ಸರ್ಟಿಫಿಕೇಟ್, ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ ಹೀಗೆ ಪಟ್ಟಿ ಬೆಳೆಯುತ್ತದೆ. ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯೇ ಆಗದವರಿಗೆ ತಡವಾಗಿ ಜನನ ನೋಂದಣಿ ಮಾಡಿಸುವ ಕೆಲಸ ಇಲ್ಲಿನ ಬಂಧುಗಳ ಹೆಗಲಿಗೆ ಬೀಳುತ್ತದೆ. ಕಲ್ಯಾಣ ಮಂಟಪದ ರಸೀದಿ ಮತ್ತು ಲಗ್ನಪತ್ರಿಕೆಯನ್ನೇ ದಾಖಲೆ ಎಂದುಕೊಂಡಿದ್ದ ದಂಪತಿಗಳು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಬೇಕಾಗುತ್ತದೆ. ಬಂದುಹೋಗುವ ರಜೆಯಲ್ಲೇ ಈ ಪತ್ರಗಳನ್ನು ಕೂಡಿಸಿಕೊಂಡು, ಅಲ್ಲಿಗೆ ಮರಳಿದ ಮೇಲೆ ಓಸಿಐ ಅರ್ಜಿ ಹಾಕುವುದು ಜಾಣತನ. ಚಿಕ್ಕ ಮಕ್ಕಳಿಗೆ ಮಾಡಿಸಿದ ಓಸಿಐಯನ್ನು, ಇಪ್ಪತ್ತು ವರ್ಷ ತುಂಬಿದ ಬಳಿಕ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಮತ್ತೆ ಮಾಡಿಸಬೇಕು. ಅದಕ್ಕೂ ಮುಂಚೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಪ್ರತಿಯನ್ನೂ ಫೋಟೊವನ್ನೂ ಓಸಿಐ ಜಾಲತಾಣಕ್ಕೆ ಏರಿಸಿದರೆ ಸಾಕು.

ಯಾವ ಮನೆಗೆ ಯಾವುದು

ಜಮಖಂಡಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳು ಅಮೆರಿಕದ ಪೌರಳು, ಅಳಿಯ ಅಲ್ಲಿಯವನೇ, ಇಬ್ಬರು ಮಕ್ಕಳು. ಎರಡು ವರ್ಷಕ್ಕೊಮ್ಮೆ ಮೂರು ವಾರ ಬರುತ್ತಾರೆ. ಪ್ರತಿ ಸಲ ಜೂನ್ ಮುಗಿಯುವುದರೊಳಗೆ ಬಂದುಹೋಗುವುದಾದರೆ ಮೂವತ್ತು ದಿನದ ವೀಸಾ ನಾಲ್ವರಿಗೂ ಸೇರಿ 40 ಡಾಲರ್, ಮೂರು ಭೇಟಿಗೆ 120. ಬರುವುದು ಜುಲೈ ಅಥವಾ ಡಿಸೆಂಬರ್ ಆದರೆ ಭೇಟಿಗೆ 100, ಮೂರಕ್ಕೆ 300. ಐದು ವರ್ಷದ ವೀಸಾ ನಾಲ್ವರಿಗೆ 320, ಓಸಿಐ 1,100. ಬೇಸಿಗೆಯಲ್ಲಷ್ಟೇ ಬರುವ, ರಜೆಯ ದಿನಗಳು ಖಚಿತವಾಗಿರುವ ಕುಟುಂಬಕ್ಕೆ ಮೂವತ್ತು ದಿನದ್ದು ಸಾಕು. ಡಿಸೆಂಬರಿನಲ್ಲಿ ಬರುವವರಿಗೆ ಐದು ವರ್ಷದ್ದು ಹೆಚ್ಚುಕಡಿಮೆ ಅಷ್ಟೇ ಖರ್ಚಿನಲ್ಲಿ ನೆಮ್ಮದಿಯನ್ನೂ ಕೊಡುತ್ತದೆ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯವರೆಗೂ ಉಳಿಯಬೇಕೆನಿಸಿದರೆ ದಿನ ಎಣಿಸಬೇಕಾಗಿಲ್ಲ.

ಅದೇ ಮನೆಯಲ್ಲಿ ಅಜ್ಜ-ಅಜ್ಜಿಗೆ ವಯಸ್ಸಾಗಿ, ಮಗಳು ಯಾವಾಗ ಬೇಕಾದರೂ ಬರಬೇಕಾದೀತು ಎಂಬ ಸ್ಥಿತಿಯಿದ್ದರೆ ಆಕೆಯೊಬ್ಬಳಿಗೆ ಓಸಿಐ, ಗಂಡ ಮತ್ತು ಮಕ್ಕಳಿಗೆ ಐದು ವರ್ಷದ ಇ-ವೀಸಾ ಎಂದು ಹಂಚಿಕೊಳ್ಳಬಹುದು. ಇಡೀ ಕುಟುಂಬ ಒಂದೇ ಬಗೆಯ ದಾಖಲೆ ಹೊಂದಿರಬೇಕೆಂಬ ನಿಯಮವೇನಿಲ್ಲ. ಆದರೂ ಎಲ್ಲರಿಗೂ ಒಂದೇ ಮಾಡಿಸಬೇಕೆಂದು ಹಟ ಹಿಡಿದು ಅನಗತ್ಯವಾಗಿ ಖರ್ಚು ಮಾಡುವವರೇ ಹೆಚ್ಚು. ಊರಿಗೇ ಮರಳಿ ನೆಲೆಸುವ, ಬೆಳಗಾವಿಯಲ್ಲಿ ಮನೆ ಕಟ್ಟಿಸುವ ಯೋಚನೆ ಇರುವವರಿಗೆ ಓಸಿಐ ಬಿಟ್ಟು ಬೇರೆ ಮಾತೇ ಬೇಡ.

ಸಾವಿನ ಸುದ್ದಿ ಬಂದು ಅವಸರದಲ್ಲಿ ಹೊರಡಬೇಕಾದಾಗ, ಓಸಿಐಯಾಗಲಿ ಚಾಲ್ತಿಯಲ್ಲಿರುವ ವೀಸಾ ಆಗಲಿ ಇಲ್ಲದಿದ್ದರೆ, ನಾಲ್ಕು ದಿನದ ಗಡುವಿನ ಇ-ವೀಸಾವನ್ನು ನೆಚ್ಚಿ ಕೂರದೆ ಹತ್ತಿರದ ಭಾರತೀಯ ದೂತಾವಾಸದ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ಇಂಥ ಸಂದರ್ಭಗಳಿಗೆ ಅವರು ತುರ್ತು ವೀಸಾ ಕೊಡುತ್ತಾರೆ. ಆಸ್ಪತ್ರೆಯ ಪತ್ರ ಅಥವಾ ಮರಣದ ದಾಖಲೆಯ ಪ್ರತಿಯನ್ನು ಇಲ್ಲಿಂದ ಕೂಡಲೇ ಕಳಿಸಿಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಬಂದ ಮೇಲೆ ಮನೆಯವರ ಪಾಲಿಗೂ ಒಂದು ಕರ್ತವ್ಯವಿದೆ. ವೀಸಾದ ಮೇಲೆ ಬಂದ ವಿದೇಶಿಯರನ್ನು ಉಳಿಸಿಕೊಳ್ಳುವವರು, ಅದು ಲಾಡ್ಜ್ ಆಗಿರಲಿ ಸೋದರಮಾವನ ಮನೆಯಾಗಿರಲಿ, 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಬಹುಕಾಲ ಫಾರ್ಮ್ ಸಿ ಎಂದು ಕರೆಯುತ್ತಿದ್ದ ಈ ನಮೂನೆ 2025ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯ ನಿಯಮಗಳಲ್ಲಿ ಫಾರ್ಮ್ 3 ಆಗಿದೆ. ಪಾಸ್‌ಪೋರ್ಟಿನ ಪುಟ, ವೀಸಾ ಪತ್ರ, ಬಂದಿಳಿದ ದಿನಾಂಕದ ಮುದ್ರೆ ಇವುಗಳ ಫೋಟೊ ಮೊಬೈಲಿನಲ್ಲಿದ್ದರೆ ತುಂಬಲು ಹೆಚ್ಚು ಹೊತ್ತು ಹಿಡಿಯದು. ತಿಳಿಯದಿದ್ದರೆ ಪೊಲೀಸ್ ಕಚೇರಿಯ ವಿದೇಶಿಯರ ವಿಭಾಗದಲ್ಲಿ ಕೇಳಬಹುದು. ಕಾಯಿಲೆಯಿಂದಲೋ ವಿಮಾನ ತಪ್ಪಿಯೋ ವೀಸಾದ ದಿನ ಮೀರುವಂತೆ ಕಂಡರೆ, ಮೀರುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮೀರಿದ ಮೇಲೆ ನಿರ್ಗಮನ ಅನುಮತಿಯಿಲ್ಲದೆ ವಿಮಾನ ಹತ್ತಲು ಬಿಡುವುದಿಲ್ಲ, ದಂಡವೂ ತಪ್ಪುವುದಿಲ್ಲ.